ಸರ್ವರ್ ನಿಧಾನವಾಗಿತ್ತಂತೆ, ನೋಡಿದರೆ ಎಲ್ಲ ಸರಿ ಇದೆ: ಯಾವ ಲಾಗ್ ಇಟ್ಟಿರಬೇಕು?

ಪ್ರಶ್ನೆ: ನಮ್ಮ ಎಸ್‌ಕ್ಯೂಎಲ್ ಸರ್ವರ್ (ಮೈಕ್ರೋಸಾಫ್ಟ್‌ನ ಡೇಟಾಬೇಸ್) ದಿನದಲ್ಲಿ ಒಂದೆರಡು ಸಲ, ಕೆಲವು ನಿಮಿಷ ಮಾತ್ರ, ವಿಪರೀತ ನಿಧಾನವಾಗುತ್ತದೆ. ದೂರು ಬಂದು ನಾನು ಲಾಗಿನ್ ಆಗುವಷ್ಟರಲ್ಲಿ ಎಲ್ಲ ಸರಿಹೋಗಿರುತ್ತದೆ. ಆಗ ಒಳಗೆ ಏನು ನಡೆದಿತ್ತು ಎಂದು ಆಮೇಲೆ ತಿಳಿಯುವುದು ಹೇಗೆ? ಸರ್ವರ್‌ನೊಳಗೆ ನಡೆಯುವುದನ್ನು ಆಗಿಂದಾಗಲೇ ತೋರಿಸುವ ಪ್ರೊಫೈಲರ್ ಅನ್ನು ಇಡೀ ದಿನ ಓಡಿಸಿಟ್ಟರೆ ಸರ್ವರ್‌ಗೆ ಹೊರೆ ಎನ್ನುತ್ತಾರೆ, ನಿಜವೇ?

ಉತ್ತರ: ನಿಜ, ಅದೂ ಸಣ್ಣ ಹೊರೆಯಲ್ಲ. ಪ್ರೊಫೈಲರ್ ಪ್ರತಿಯೊಂದು ಇವೆಂಟನ್ನೂ, ಅಂದರೆ ಸರ್ವರ್‌ನಲ್ಲಿ ನಡೆಯುವ ಪ್ರತಿ ಘಟನೆಯನ್ನೂ, ನಿಮ್ಮ ಪರದೆಗೆ ತಂದು ಸುರಿಯುತ್ತದೆ. ಆ ಪರದೆ ಅಷ್ಟೇ ವೇಗವಾಗಿ ತೆಗೆದುಕೊಳ್ಳದಿದ್ದರೆ ಸರ್ವರ್‌ನಲ್ಲಿ ಕೆಲಸ ಮಾಡುತ್ತಿರುವ ಥ್ರೆಡ್‌ಗಳೇ ಕಾಯುತ್ತ ನಿಲ್ಲಬೇಕಾಗುತ್ತದೆ. ನಿಧಾನಕ್ಕೆ ಕಾರಣ ಹುಡುಕಲು ಹೋದವರೇ ಅದಕ್ಕೆ ಕಾರಣರಾಗುವುದು ಹೀಗೆ. ಪ್ರೊಫೈಲರ್ ಮತ್ತು ಅದರ ಹಿಂದಿರುವ ಎಸ್‌ಕ್ಯೂಎಲ್ ಟ್ರೇಸ್ ಎರಡನ್ನೂ ಮುಂದೆ ಕೈಬಿಡಲಾಗುವುದು ಎಂದು ಮೈಕ್ರೋಸಾಫ್ಟ್ 2012ರ ಆವೃತ್ತಿಯಲ್ಲೇ ಸಾರಿದೆ. ಅದರ ಜಾಗಕ್ಕೆ ಬಂದ ಎಕ್ಸ್‌ಟೆಂಡೆಡ್ ಇವೆಂಟ್ಸ್ 2008ರಿಂದಲೇ ಇದೆಯಾದರೂ ಸರ್ವರ್ ನಿರ್ವಹಣೆಗೆ ಬಳಸುವ ಮ್ಯಾನೇಜ್‌ಮೆಂಟ್ ಸ್ಟುಡಿಯೋದಲ್ಲಿ ಅದಕ್ಕೊಂದು ಪರದೆ ಸಿಕ್ಕಿದ್ದು 2012ರಲ್ಲಿ. ಅಲ್ಲಿಯವರೆಗೆ ಎಕ್ಸ್‌ಎಂಎಲ್ ಜೊತೆ ಗುದ್ದಾಡಬೇಕಿತ್ತು. ಹಳಬರಲ್ಲಿ ಕೆಲವರು ಇವತ್ತಿಗೂ ಅದರ ಹತ್ತಿರ ಸುಳಿಯದಿರಲು ಇದೂ ಒಂದು ಕಾರಣ ಇರಬೇಕು.

ನಿಮ್ಮ ಪ್ರಶ್ನೆಗೆ ನನ್ನ ಸಲಹೆ ಇಷ್ಟು: ಎಲ್ಲವನ್ನೂ ಒಂದು ಗಂಟೆ ದಾಖಲಿಸುವುದಕ್ಕಿಂತ, ಬೇಕಾದ ನಾಲ್ಕು ಇವೆಂಟ್‌ಗಳನ್ನು ಮಾತ್ರ ಬಿಡದೆ ದಾಖಲಿಸಿ. ತೊಂದರೆ ಯಾವ ಹೊತ್ತಿಗೆ ಬರುತ್ತದೆಂದು ಗೊತ್ತಿಲ್ಲದಿದ್ದಾಗ, ಸದಾ ಓಡುತ್ತಿರುವ ಲಾಗ್ ಮಾತ್ರ ಕೈಹಿಡಿಯುತ್ತದೆ. ಸದಾ ಓಡಬೇಕೆಂದರೆ ಅದು ಹಗುರವಾಗಿರಲೇಬೇಕು.

ಹೊಸದೇನನ್ನೂ ಕಟ್ಟುವ ಮೊದಲು, ಈಗಾಗಲೇ ಇರುವುದನ್ನು ನೋಡಿ. 'ಸಿಸ್ಟಮ್ ಹೆಲ್ತ್' ಎಂಬ ಎಕ್ಸ್‌ಟೆಂಡೆಡ್ ಇವೆಂಟ್ಸ್ ಸೆಷನ್ (ಆಯ್ದ ಇವೆಂಟ್‌ಗಳನ್ನು ದಾಖಲಿಸುವ ಏರ್ಪಾಡು) ಯಾರೂ ಹೇಳದೆಯೇ ಎಲ್ಲ ಸರ್ವರ್‌ಗಳಲ್ಲೂ ಓಡುತ್ತಿರುತ್ತದೆ. ಡೆಡ್‌ಲಾಕ್ (ಇಬ್ಬರು ಒಬ್ಬರಿಗಾಗಿ ಒಬ್ಬರು ಕಾಯುತ್ತ ಸಿಕ್ಕಿಬೀಳುವುದು) ಆದರೆ ಅದರ ಪೂರ್ತಿ ವರದಿ, ತೀವ್ರತೆ 20 ಅಥವಾ ಅದಕ್ಕೂ ಮೇಲಿನ ಎರರ್‌ಗಳು, ಲಾಕ್‌ಗಾಗಿ (ಡೇಟಾದ ಮೇಲಿನ ಹಿಡಿತಕ್ಕಾಗಿ) 30 ಸೆಕೆಂಡಿಗಿಂತ ಹೆಚ್ಚು ಕಾದ ಬಳಕೆದಾರರ ಸೆಷನ್‌ಗಳು (ಸಂಪರ್ಕಗಳು), ಇವೆಲ್ಲ ಅದರಲ್ಲಿ ಬೀಳುತ್ತವೆ. ಮೊನ್ನೆ ಆದ ಡೆಡ್‌ಲಾಕ್‌ಗೆ ಇವತ್ತು ಟ್ರೇಸ್ ಹಾಕಿ ಕೂರುವವರನ್ನು ನೋಡಿದ್ದೇನೆ. ಬೇಕಿದ್ದ ವರದಿ ಡಿಸ್ಕ್ ಮೇಲೆ ಮೊದಲೇ ಇರುತ್ತದೆ. ಆದರೆ ಈ ಫೈಲ್‌ಗಳು ತುಂಬಿದಂತೆ ಹಳೆಯವು ಅಳಿಯುತ್ತ ಹೋಗುತ್ತವೆ, ಆದ್ದರಿಂದ ದೂರು ಬಂದ ದಿನವೇ ಪ್ರತಿ ತೆಗೆದಿಡಿ.

ಸಿಸ್ಟಮ್ ಹೆಲ್ತ್ ಹಿಡಿಯದಿರುವುದು ಸಾಮಾನ್ಯ ನಿಧಾನದ ಕ್ವೆರಿಗಳನ್ನು (ಡೇಟಾಬೇಸ್‌ಗೆ ಕಳುಹಿಸುವ ಆಜ್ಞೆಗಳನ್ನು). ಅದಕ್ಕೆ ನಿಮ್ಮದೇ ಸೆಷನ್ ಬೇಕು. ನಾಲ್ಕರಲ್ಲಿ ಮೊದಲ ಎರಡು ಇವೆಂಟ್ ಇದಕ್ಕೆ ಸಾಕು: ಆರ್‌ಪಿಸಿ ಕಂಪ್ಲೀಟೆಡ್ (ಅಪ್ಲಿಕೇಶನ್ ಮಾಡಿದ ಪ್ರೊಸೀಜರ್ ಕರೆ ಮುಗಿದಾಗ ಏಳುವುದು) ಮತ್ತು ಎಸ್‌ಕ್ಯೂಎಲ್ ಬ್ಯಾಚ್ ಕಂಪ್ಲೀಟೆಡ್ (ನೇರವಾಗಿ ಕಳುಹಿಸಿದ ಕ್ವೆರಿ ಮುಗಿದಾಗ ಏಳುವುದು). ಎರಡಕ್ಕೂ ಫಿಲ್ಟರ್ ಒಂದೇ, ಡ್ಯುರೇಷನ್ (ಹಿಡಿದ ಒಟ್ಟು ಸಮಯ) 2 ಸೆಕೆಂಡಿಗಿಂತ ಹೆಚ್ಚಿರಬೇಕು. ಜನ ಎಡವುವುದು ಇಲ್ಲೇ. ಈ ಡ್ಯುರೇಷನ್ ಇರುವುದು ಮೈಕ್ರೋಸೆಕೆಂಡಿನಲ್ಲಿ. ಪ್ರೊಫೈಲರ್ ಪರದೆಯ ಮಿಲಿಸೆಕೆಂಡ್ ಲೆಕ್ಕಕ್ಕೆ ಒಗ್ಗಿದ ಕೈ 2000 ಎಂದು ಬರೆದುಬಿಡುತ್ತದೆ, ಆಗ 2 ಮಿಲಿಸೆಕೆಂಡ್ ಮೀರಿದ್ದೆಲ್ಲ ಒಳಗೆ ಬಂದು ಫೈಲ್ ಕಣ್ಣೆದುರೇ ತುಂಬುತ್ತದೆ. ಬರೆಯಬೇಕಾದದ್ದು 2000000. ಫಿಲ್ಟರ್ ದಾಟದ ಇವೆಂಟ್ ಮೆಮೊರಿಯಲ್ಲಿರುವ ಬಫರ್‌ಗೂ ಹೋಗುವುದಿಲ್ಲ, ಡಿಸ್ಕ್‌ಗೂ ಹೋಗುವುದಿಲ್ಲ. ಈ ವ್ಯವಸ್ಥೆ ಹಗುರವಾಗಿರುವ ಗುಟ್ಟು ಇದೇ.

ಜೊತೆಗೆ ಯಾವ ಅಪ್ಲಿಕೇಶನ್, ಯಾವ ಮೆಷಿನ್, ಯಾವ ಬಳಕೆದಾರ, ಸೆಷನ್ ನಂಬರ್ ಎಷ್ಟು ಎಂಬುದನ್ನು ಸೇರಿಸಿಕೊಳ್ಳಿ. ಎಕ್ಸಿಕ್ಯೂಷನ್ ಪ್ಲಾನ್ (ಸರ್ವರ್ ಕ್ವೆರಿಯನ್ನು ಹೇಗೆ ನಡೆಸಿತು ಎಂಬ ವಿವರ) ಕೂಡ ಇರಲಿ ಎನಿಸುತ್ತದೆ. ಬೇಡ. ಕ್ವೆರಿ ಮುಗಿದ ಮೇಲೆ ನಿಜವಾದ ಪ್ಲಾನ್ ಹಿಡಿಯುವ ಇವೆಂಟ್ ತುಂಬಾ ದುಬಾರಿ, ಏಕೆಂದರೆ ಫಿಲ್ಟರ್ ಇದ್ದರೂ ಪ್ಲಾನ್ ಕಲೆಹಾಕುವ ಕೆಲಸ ಎಲ್ಲ ಕ್ವೆರಿಗಳಿಗೂ ನಡೆದೇ ನಡೆಯುತ್ತದೆ. ಟಾರ್ಗೆಟ್ ಆಗಿ, ಅಂದರೆ ದಾಖಲೆ ಹೋಗಿ ಸೇರುವ ಜಾಗವಾಗಿ, ಫೈಲ್ ಕೊಡಿ, ಒಂದೊಂದಕ್ಕೆ 50 ಎಂಬಿ, ಒಟ್ಟು ಹತ್ತು ಫೈಲ್ ಎಂದು ಮಿತಿ ಹಾಕಿ. 'ಒಂದೂ ಇವೆಂಟ್ ಕಳೆಯಬಾರದು' ಎಂಬ ಆಯ್ಕೆ ಕಣ್ಣಿಗೆ ಚೆನ್ನಾಗಿ ಕಂಡರೂ ಮುಟ್ಟಬೇಡಿ. ಬಫರ್ ತುಂಬಿದಾಗ ಅದು ಬಳಕೆದಾರರ ಕ್ವೆರಿಯನ್ನೇ ತಡೆದು ನಿಲ್ಲಿಸುತ್ತದೆ. ಸರ್ವರ್ ರೀಸ್ಟಾರ್ಟ್ ಆದಾಗ ಸೆಷನ್ ತಾನಾಗಿ ಏಳುವಂತೆ ಸ್ಟಾರ್ಟಪ್ ಸ್ಟೇಟ್ ಆನ್ ಮಾಡಲು ಮರೆಯಬೇಡಿ, ಡಿಫಾಲ್ಟ್ ಆಗಿ ಅದು ಆಫ್ ಇರುತ್ತದೆ.

ಇನ್ನು ಓದುವ ಬಗೆ. ಒಂದು ಸಾಲು ಹೀಗಿದೆ ಎಂದುಕೊಳ್ಳಿ: ಡ್ಯುರೇಷನ್ 18400000, ಸಿಪಿಯು ಟೈಮ್ 31000, ಲಾಜಿಕಲ್ ರೀಡ್ಸ್ 212. ಅಂದರೆ ಕ್ವೆರಿ ಮುಗಿಯಲು 18.4 ಸೆಕೆಂಡ್ ಹಿಡಿಯಿತು, ಅದರಲ್ಲಿ ಸಿಪಿಯು ದುಡಿದದ್ದು 31 ಮಿಲಿಸೆಕೆಂಡ್, ಓದಿದ್ದು ಬರೀ 212 ಪೇಜ್. ಈ ಕ್ವೆರಿಗೆ ಇಂಡೆಕ್ಸ್ (ಡೇಟಾ ಬೇಗ ಸಿಗುವಂತೆ ಮಾಡುವ ಸೂಚಿ) ಹುಡುಕುತ್ತ ಕೂತರೆ ಸಮಯ ದಂಡ. ಅದು ಕೆಲಸ ಮಾಡುತ್ತಿರಲಿಲ್ಲ, ಯಾವುದಕ್ಕೋ ಕಾಯುತ್ತಿತ್ತು, ಬಹುಪಾಲು ಇನ್ನೊಬ್ಬರು ಹಿಡಿದಿದ್ದ ಲಾಕ್‌ಗೆ. ಸಿಪಿಯು ಟೈಮ್ ಡ್ಯುರೇಷನ್‌ನ ಹತ್ತಿರ ಇದ್ದು ರೀಡ್ಸ್ ಲಕ್ಷಗಟ್ಟಲೆ ಇದ್ದಿದ್ದರೆ ಮಾತು ಬೇರೆ, ಆಗ ಪ್ಲಾನ್ ಮತ್ತು ಇಂಡೆಕ್ಸ್ ನೋಡಬೇಕು. ನೀವು ಹೇಳುವಂತೆ ಕೆಲವೇ ನಿಮಿಷ ಕಾಡಿ ತಾನಾಗಿ ಮಾಯವಾಗುವ ತೊಂದರೆಯಲ್ಲಿ ಮೊದಲನೆಯ ಬಗೆಯ ಸಾಲುಗಳೇ ಹೆಚ್ಚು ಸಿಗುತ್ತವೆ ಎಂಬುದು ನನ್ನ ಅಂದಾಜು.

ಹಾಗಾದರೆ ಲಾಕ್ ಹಿಡಿದು ಕೂತವರು ಯಾರು? ಅದಕ್ಕೆ ಮೂರನೆಯ ಇವೆಂಟ್, ಬ್ಲಾಕ್ಡ್ ಪ್ರೋಸೆಸ್ ರಿಪೋರ್ಟ್. ಇದನ್ನು ಸೆಷನ್‌ಗೆ ಸೇರಿಸಿದರಷ್ಟೇ ಸಾಲದು. ಸರ್ವರ್ ಸೆಟ್ಟಿಂಗ್‌ಗಳಲ್ಲಿ ಬ್ಲಾಕ್ಡ್ ಪ್ರೋಸೆಸ್ ಥ್ರೆಶೋಲ್ಡ್ ಎಂಬುದು ಸೊನ್ನೆ ಇರುವವರೆಗೆ ಒಂದು ವರದಿಯೂ ಬರುವುದಿಲ್ಲ. 10 ಸೆಕೆಂಡ್ ಎಂದು ಇಡಿ. ವರದಿಯಲ್ಲಿ ಕಾಯುವವರು, ಕಾಯಿಸುವವರು ಇಬ್ಬರ ವಿವರವೂ ಇರುತ್ತದೆ. ಕಾಯಿಸುವವರ ಸ್ಟೇಟಸ್ 'ಸ್ಲೀಪಿಂಗ್', ಟ್ರಾನ್‌ಕೌಂಟ್ (ತೆರೆದಿರುವ ಟ್ರಾನ್ಸಾಕ್ಷನ್‌ಗಳ ಎಣಿಕೆ) 1 ಎಂದಿದ್ದರೆ ವಿಷಯ ಸ್ಪಷ್ಟ: ಯಾವುದೋ ಪ್ರೋಗ್ರಾಂ ಟ್ರಾನ್ಸಾಕ್ಷನ್ ತೆರೆದು, ಕಮಿಟ್ ಮಾಡಿ ಮುಗಿಸದೆ, ಬೇರೆ ಕೆಲಸಕ್ಕೆ ಹೋಗಿದೆ. ಅಲ್ಲಿ ಕಾಣುವ ಕ್ವೆರಿ ಆ ಸೆಷನ್ ಕಡೆಯದಾಗಿ ಕಳುಹಿಸಿದ್ದು. ಲಾಕ್ ಹಿಡಿದದ್ದು ಅದಕ್ಕೂ ಹಿಂದಿನದೊಂದು ಇರಬಹುದು. ಆ ಸಾಲನ್ನು ಹಿಡಿದು ಡೆವಲಪರ್ ಜೊತೆ ಜಗಳಕ್ಕೆ ನಿಲ್ಲುವ ಮೊದಲು ಇದು ನೆನಪಿರಲಿ.

ನಾಲ್ಕನೆಯದು ಅಟೆನ್ಷನ್. ಬಳಕೆದಾರರು ಕ್ಯಾನ್ಸಲ್ ಒತ್ತಿದರೆ ಅಥವಾ ಅಪ್ಲಿಕೇಶನ್ ಕಾದು ಕಾದು ಕೈಬಿಟ್ಟರೆ ಈ ಇವೆಂಟ್ ಏಳುತ್ತದೆ. ಡಾಟ್‌ನೆಟ್ ಪ್ರೋಗ್ರಾಂಗಳಲ್ಲಿ ಕಮಾಂಡ್ ಟೈಮ್‌ಔಟ್ ಡಿಫಾಲ್ಟ್ ಆಗಿ 30 ಸೆಕೆಂಡ್. ಲಾಗ್‌ನಲ್ಲಿ ಸಾಲುಸಾಲಾಗಿ 30 ಸೆಕೆಂಡಿನ ಆಸುಪಾಸಿನ ಡ್ಯುರೇಷನ್ ಕಂಡರೆ ಆ ಕ್ವೆರಿಗಳು ಮುಗಿದಿಲ್ಲ, ಅವನ್ನು ನಡುವೆಯೇ ಕೈಬಿಡಲಾಗಿದೆ ಎಂದು ತಿಳಿಯಿರಿ.

ಸಮಯದ ಬಗ್ಗೆ ಒಂದು ಮಾತು. ಫೈಲ್‌ನೊಳಗೆ ಟೈಮ್‌ಸ್ಟ್ಯಾಂಪ್ ಇರುವುದು ಯುಟಿಸಿ ಎಂಬ ಜಾಗತಿಕ ಸಮಯದಲ್ಲಿ. ಮ್ಯಾನೇಜ್‌ಮೆಂಟ್ ಸ್ಟುಡಿಯೋ ತೆರೆದು ತೋರಿಸುವಾಗ ಅದನ್ನು ಸ್ಥಳೀಯ ಸಮಯಕ್ಕೆ ತಿರುಗಿಸುತ್ತದೆ, ಕ್ವೆರಿ ಬರೆದು ಓದಿದರೆ ಯುಟಿಸಿಯೇ ಬರುತ್ತದೆ. 'ಹನ್ನೊಂದಕ್ಕೆ ನಿಂತುಹೋಗಿತ್ತು' ಎಂಬ ದೂರಿಗೂ ಲಾಗ್‌ಗೂ ತಾಳೆಯಾಗದಿದ್ದರೆ ಮೊದಲು ಇದನ್ನು ಪರೀಕ್ಷಿಸಿ.

ಲಾಗಿನ್ ಸಮಸ್ಯೆಗಳಿಗೆ ಇಷ್ಟೆಲ್ಲ ಬೇಕಿಲ್ಲ, ಹಳೆಯ ಎರರ್ ಲಾಗ್ ಸಾಕು. ಲಾಗಿನ್ ವಿಫಲವಾದಾಗ ಬರುವ 18456 ಎರರ್ ಬಳಕೆದಾರರಿಗೆ ಸದಾ ಸ್ಟೇಟ್ 1 ಎಂದೇ ಕಾಣುತ್ತದೆ. ಒಳಗುಟ್ಟು ಹೊರಗಿನವರಿಗೆ ತಿಳಿಯಬಾರದೆಂದು ಹಾಗೆ ಮಾಡಿದ್ದಾರೆ. ಎರರ್ ಲಾಗ್‌ನಲ್ಲಿ ನಿಜವಾದ ಸ್ಟೇಟ್ ಇರುತ್ತದೆ: 8 ಎಂದರೆ ಪಾಸ್‌ವರ್ಡ್ ತಪ್ಪು, 5 ಎಂದರೆ ಅಂಥ ಬಳಕೆದಾರರೇ ಇಲ್ಲ. ಸರ್ವರ್ ರೀಸ್ಟಾರ್ಟ್ ಆದಾಗಲೆಲ್ಲ ಹೊಸ ಲಾಗ್ ಶುರುವಾಗುತ್ತದೆ, ಹಿಂದಿನವು ಡಿಫಾಲ್ಟ್ ಆಗಿ ಆರು ಮಾತ್ರ ಉಳಿಯುತ್ತವೆ. ಗಾಬರಿಯಲ್ಲಿ ಮೇಲಿಂದ ಮೇಲೆ ರೀಸ್ಟಾರ್ಟ್ ಮಾಡಿದವರು ಸಾಕ್ಷ್ಯವನ್ನು ತಾವೇ ಅಳಿಸಿಕೊಳ್ಳುತ್ತಾರೆ.

ಈ ವ್ಯವಸ್ಥೆಯ ಕಣ್ಣು ತಪ್ಪಿಸುವುದೂ ಒಂದಿದೆ. 5 ಮಿಲಿಸೆಕೆಂಡಿನ ಕ್ವೆರಿ ಗಂಟೆಗೆ ಲಕ್ಷಾಂತರ ಸಲ ಓಡಿ ಸಿಪಿಯು ತಿನ್ನುತ್ತಿದ್ದರೆ 2 ಸೆಕೆಂಡಿನ ಫಿಲ್ಟರ್ ಅದನ್ನು ಎಂದೂ ಹಿಡಿಯುವುದಿಲ್ಲ. ಅದಕ್ಕಾಗಿ ಮಿತಿಯನ್ನು ಇಳಿಸಬೇಡಿ. ಅಂಥದ್ದನ್ನು ಒಟ್ಟು ಲೆಕ್ಕದಲ್ಲಿ ತೋರಿಸಲೆಂದೇ 2016ರ ಆವೃತ್ತಿಯಲ್ಲಿ ಕ್ವೆರಿ ಸ್ಟೋರ್ ಬಂದಿದೆ, ಅದನ್ನು ಆನ್ ಮಾಡಿ.

ಬೇರೆ ಡೇಟಾಬೇಸ್ ಬಳಸುವವರಿಗೂ ದಾರಿ ಇದೇ. ಪೋಸ್ಟ್‌ಗ್ರೆಸ್‌ನಲ್ಲಿ ಲಾಗ್ ಮಿನ್ ಡ್ಯುರೇಷನ್ ಸ್ಟೇಟ್‌ಮೆಂಟ್ ಎಂಬ ಸೆಟ್ಟಿಂಗ್ ಇದೆ. ಅಲ್ಲಿ ಲೆಕ್ಕ ಮಿಲಿಸೆಕೆಂಡಿನದು, 2000 ಎಂದೇ ಬರೆಯಬೇಕು. ಲಾಗ್ ಲಾಕ್ ವೇಟ್ಸ್ ಕೂಡ ಆನ್ ಇರಲಿ. ಮೈಎಸ್‌ಕ್ಯೂಎಲ್‌ನಲ್ಲಿ ಸ್ಲೋ ಕ್ವೆರಿ ಲಾಗ್ ಆನ್ ಮಾಡಿ ಸುಮ್ಮನಾಗಬೇಡಿ, ಅದರ ಡಿಫಾಲ್ಟ್ ಮಿತಿ 10 ಸೆಕೆಂಡ್, ಅಷ್ಟರಲ್ಲಿ ಬಳಕೆದಾರರು ಪುಟ ಮುಚ್ಚಿ ಹೋಗಿರುತ್ತಾರೆ.

ಕಡೆಯದಾಗಿ, ಈ ಫೈಲ್‌ಗಳಲ್ಲಿ ಕ್ವೆರಿಯ ಪೂರ್ಣ ಪಠ್ಯ ಇರುತ್ತದೆ, ಅದರೊಳಗೆ ಹೆಸರು, ಫೋನ್ ನಂಬರ್, ಖಾತೆ ಸಂಖ್ಯೆಗಳೂ ಹಾಗೆಹಾಗೇ ಕೂತಿರುತ್ತವೆ. ಲಾಗ್ ಫೋಲ್ಡರ್‌ಗೆ ಡೇಟಾಬೇಸ್‌ನಷ್ಟೇ ಬಿಗಿಯಾದ ಅನುಮತಿ ಇಡಿ, ವಿಶ್ಲೇಷಣೆಗೆಂದು ಯಾರಿಗಾದರೂ ಮೇಲ್‌ನಲ್ಲಿ ಕಳುಹಿಸುವ ಮುಂಚೆ ತೆರೆದು ಒಮ್ಮೆ ಕಣ್ಣಾಡಿಸಿ.