ಸ್ಟಾರ್ ಬಿಡಿಸೋದು ಯಾರ ಕೆಲಸ?

ಗಿಟ್ ಅನ್ನೋದು ಫೈಲುಗಳ ಬದಲಾವಣೆಯ ಲೆಕ್ಕವಿಡುವ ಪ್ರೋಗ್ರಾಂ. ಟರ್ಮಿನಲ್‌ನಲ್ಲಿ ಅದಕ್ಕೆ ‘ಗಿಟ್ ಆರ್‌ಎಂ *.ಟಿಎಕ್ಸ್‌ಟಿ’, ಅಂದರೆ ಟೆಕ್ಸ್ಟ್ ಫೈಲುಗಳನ್ನು ಅಳಿಸು, ಅಂತ ಕೊಟ್ಟರೆ ಎಷ್ಟು ಫೈಲು ಅಳಿಯುತ್ತವೆ? ಇಲ್ಲಿನ ಸ್ಟಾರ್ (*) ‘ಯಾವ ಹೆಸರಾದರೂ ಸರಿ’ ಎಂಬ ಗುರುತು. ಅದರ ಜಾಗಕ್ಕೆ ನಿಜವಾದ ಫೈಲುಗಳ ಹೆಸರು ತರುವುದೇ ಸ್ಟಾರ್ ಬಿಡಿಸೋದು. ಸುಲಭದ ಪ್ರಶ್ನೆ ಅನ್ನಿಸುತ್ತದೆ, ಅಲ್ವಾ? ಉತ್ತರ ಮಾತ್ರ ನೀವು ಯಾವ ಶೆಲ್‌ನಲ್ಲಿ (ಟೈಪ್ ಮಾಡಿದ ಆಜ್ಞೆಯನ್ನು ಓದಿ ಪ್ರೋಗ್ರಾಂಗೆ ದಾಟಿಸುವ ತಂತ್ರಾಂಶ) ಇದ್ದೀರಿ, ಯಾವ ಫೋಲ್ಡರ್‌ನಲ್ಲಿದ್ದೀರಿ ಅನ್ನೋದರ ಮೇಲೆ ನಿಂತಿದೆ.

1971ರ ಯುನಿಕ್ಸ್‌ನಲ್ಲಿ ಸ್ಟಾರ್ ಬಿಡಿಸಲು ‘ಗ್ಲಾಬ್’ ಎಂಬ ಬೇರೆಯದೇ ಪ್ರೋಗ್ರಾಂ ಇತ್ತು. 1979ರ ಬೋರ್ನ್ ಶೆಲ್ ಆ ಕೆಲಸವನ್ನು ತಾನೇ ಮಾಡತೊಡಗಿತು. ಡಾಸ್ ಮತ್ತು ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್ ಸ್ಟಾರನ್ನು ಮುಟ್ಟದೆ ಪ್ರೋಗ್ರಾಂಗೇ ದಾಟಿಸಿದವು.

2005ರ ಏಪ್ರಿಲ್‌ನಲ್ಲಿ ಹುಟ್ಟಿದ ಗಿಟ್ ಮತ್ತು ಅದರಂಥದೇ ಪ್ರೋಗ್ರಾಂ ಮರ್ಕ್ಯುರಿಯಲ್‌ಗೆ ಈ ಎರಡೂ ಲೋಕ ಬೇಕಿತ್ತು. ಮರ್ಕ್ಯುರಿಯಲ್ ವಿಂಡೋಸ್‌ನಲ್ಲಿ ಸ್ಟಾರನ್ನು ತಾನೇ ಬಿಡಿಸುತ್ತದೆ. ಲಿನಕ್ಸ್‌ನಲ್ಲಿ ಅದನ್ನು ಶೆಲ್‌ಗೆ ಬಿಡುತ್ತದೆ. ಅಲ್ಲೂ ತಾನೇ ಬಿಡಿಸಬೇಕಾದರೆ ಮುಂದೆ ‘ಗ್ಲಾಬ್:’ ಅಂತ ಬರೆಯಬೇಕು.

ಗಿಟ್ ಹಾಗಲ್ಲ. ತನ್ನ ಕೈಗೆ ಸ್ಟಾರ್ ಸಿಕ್ಕರೆ ಒಳಗಿನ ಫೋಲ್ಡರ್‌ಗಳಿಗೂ ಇಳಿಯುತ್ತದೆ. ತೊಡಕು ಇರುವುದು ಇಲ್ಲೇ. ಬ್ಯಾಷ್ ಎಂಬ ಶೆಲ್‌ನಲ್ಲಿ ಮೇಲಿನ ಆಜ್ಞೆ ಕೊಟ್ಟಾಗ ಈ ಫೋಲ್ಡರ್‌ನಲ್ಲಿ ಟೆಕ್ಸ್ಟ್ ಫೈಲು ಇದ್ದರೆ ಶೆಲ್ ಅವುಗಳ ಹೆಸರನ್ನಷ್ಟೇ ಗಿಟ್‌ಗೆ ಕೊಡುತ್ತದೆ. ಒಂದೂ ಇಲ್ಲದಿದ್ದರೆ? ಸ್ಟಾರನ್ನು ಹಾಗೇ ದಾಟಿಸುತ್ತದೆ. ಆಗ ಗಿಟ್ ಒಳಗಿನ ಎಲ್ಲ ಫೋಲ್ಡರ್‌ಗಳ ಟೆಕ್ಸ್ಟ್ ಫೈಲುಗಳನ್ನೂ ಅಳಿಸುತ್ತದೆ. ಹತ್ತಿರ ಏನೂ ಇಲ್ಲದಾಗಲೇ ಜಾಸ್ತಿ ಹೋಗುತ್ತದೆ! ಜೆಡ್‌ಶೆಲ್ ಇಂಥ ಕಡೆ ‘ಹೊಂದುವ ಫೈಲಿಲ್ಲ’ ಎಂದು ನಿಂತುಬಿಡುತ್ತದೆ. ಸುಮ್ನೆ ಮುಂದೆ ಹೋಗೋದಕ್ಕಿಂತ ಹೀಗೆ ನಿಲ್ಲುವುದೇ ಸರಿ.

ಕೋಟ್ಸ್ ಹಾಕಿದರೆ ಸ್ಟಾರ್ ಯಾವಾಗಲೂ ಗಿಟ್‌ಗೇ ತಲುಪುತ್ತದೆ. ಆದರೆ ಲಿನಕ್ಸ್‌ನಲ್ಲಿ ಕಲಿತ ಒಂಟಿ ಕೋಟ್ಸ್ ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ನಡೆಯುವುದಿಲ್ಲ. ಅದು ಕೋಟ್ಸನ್ನೂ ಹೆಸರಿನ ಭಾಗ ಅಂದುಕೊಳ್ಳುತ್ತದೆ. ಕೋಟ್ಸ್ ಹಾಕುವುದಾದರೆ ಅಲ್ಲಿ ಜೋಡಿ ಕೋಟ್ಸೇ ಬೇಕು. ಹೊಸಬರಿಗೆ ಇದನ್ನು ಮೊದಲ ದಿನವೇ ಹೇಳಿಕೊಡಬೇಕಿತ್ತು.

ಗಿಟ್‌ನೊಳಗೂ ಒಂದೇ ನಿಯಮವಿಲ್ಲ. ಗಿಟ್ ಯಾವ ಫೈಲುಗಳನ್ನು ಕಡೆಗಣಿಸಬೇಕೆಂದು ಬರೆದಿಡುವ ಗಿಟ್‌ಇಗ್ನೋರ್ ಫೈಲಿನಲ್ಲಿ ಒಂಟಿ ಸ್ಟಾರ್, ಫೋಲ್ಡರ್ ಹೆಸರುಗಳ ನಡುವಿನ ಓರೆಗೆರೆಯನ್ನು (/) ದಾಟುವುದಿಲ್ಲ, ಆಜ್ಞೆಯ ಸಾಲಿನಲ್ಲಿ ದಾಟುತ್ತದೆ. ಗಿಟ್‌ಇಗ್ನೋರ್‌ನಲ್ಲಿ ಫೋಲ್ಡರ್ ದಾಟುವ ಜೋಡಿ ಸ್ಟಾರ್ (**) 2013ರ 1.8.2 ಆವೃತ್ತಿಯಲ್ಲಿ ಬಂತು. ಆಜ್ಞೆಯ ಸಾಲಿನಲ್ಲೂ ಸ್ಟಾರನ್ನು ಒಂದೇ ಫೋಲ್ಡರ್‌ಗೆ ಕಟ್ಟಿಹಾಕುವ ‘:(ಗ್ಲಾಬ್)’ ಗುರುತು ಆಮೇಲೆ ಸೇರಿತು. ಅದನ್ನು ಬರೆಯದಿದ್ದರೆ ಇವತ್ತಿಗೂ ಹಳೆಯ ನಡವಳಿಕೆಯೇ. ಎಷ್ಟೋ ಸ್ಕ್ರಿಪ್ಟ್‌ಗಳು ಅದನ್ನೇ ನಂಬಿಕೊಂಡಿವೆ. ಹಾಗಾಗಿ ಅಳಿಸುವ ಮೊದಲು ‘-ಎನ್’ ಸೇರಿಸಿ ಒಮ್ಮೆ ಓಡಿಸಿ. ಏನೂ ಅಳಿಯುವುದಿಲ್ಲ, ಯಾವ ಫೈಲು ಹೋಗಲಿತ್ತು ಎಂಬ ಪಟ್ಟಿ ಸಿಗುತ್ತದೆ.