ಒಂದೇ ಗೆರೆಯಲ್ಲಿ ಎಳೆದ ಶಿಶುವಿಹಾರ

ಪರೀಕ್ಷೆಗೆಂದು ಚಿಕ್ಕಮಕ್ಕಳ ಶಾಲೆ ಮತ್ತು ಸುಸ್ಥಿರ ವಾಸ್ತುಶಿಲ್ಪ ಓದುವಾಗ ನಾನು ಒಂದೇ ಒಂದು ಕಟ್ಟಡವನ್ನು ಹಿಡಿದು ಕೂತೆ. ಹತ್ತು ಉದಾಹರಣೆ ಮೇಲೆಮೇಲೆ ನೋಡೋದಕ್ಕಿಂತ ಅದೇ ವಾಸಿ ಅನ್ನಿಸಿತು.

ಕಟ್ಟಡದ ಹೆಸರು ಫಾರ್ಮಿಂಗ್ ಕಿಂಡರ್‌ಗಾರ್ಟನ್. ವಿಯೆಟ್ನಾಂನ ದೋಂಗ್ ನಾಯ್ ಪ್ರಾಂತ್ಯದಲ್ಲಿ, ದೊಡ್ಡದೊಂದು ಶೂ ಕಾರ್ಖಾನೆಯ ಪಕ್ಕದಲ್ಲಿದೆ. ಅಲ್ಲಿನ ವಾಸ್ತುಶಿಲ್ಪಿ ವೋ ತ್ರೋಂಗ್ ಙಿಯಾ ಅವರ ಸಂಸ್ಥೆಯ ವಿನ್ಯಾಸ. 2013ರಲ್ಲಿ ಕಟ್ಟಿ ಮುಗಿಯಿತು. ಕಾರ್ಖಾನೆ ಕೆಲಸಗಾರರ 500 ಮಕ್ಕಳಿಗೆ ಇಲ್ಲಿ ಜಾಗವಿದೆ. ಆ ಊರು ಸುಮಾರು 11 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ಅಂದರೆ ಮೈಸೂರಿಗಿಂತ ಸ್ವಲ್ಪ ಕೆಳಗೆ. ಸೂರ್ಯ ನೆತ್ತಿಯ ಮೇಲೆ ಬರುವ ಲೆಕ್ಕ ನಮಗೂ ಅವರಿಗೂ ಹತ್ತಿರಹತ್ತಿರ ಒಂದೇ.

ಮೊದಲು ಆಕಾರ. ಉದ್ದನೆಯ ಕಾಗದದ ಪಟ್ಟಿಯನ್ನು ಕತ್ತರಿಸದೆ ಮೂರು ಉಂಗುರ ಆಗುವ ಹಾಗೆ ಬಳುಕಿಸಿ. ಒಳಗೆ ಮೂರು ಅಂಗಳ ಸಿಗುತ್ತವೆ. ಕಟ್ಟಡವೂ ಹಾಗೇ ಇದೆ. ನಮ್ಮ ತೊಟ್ಟಿಮನೆ ಗೊತ್ತಿದ್ದವರಿಗೆ ಇದರ ಉಪಯೋಗ ಬೇರೆ ಹೇಳಬೇಕಿಲ್ಲ. ಮಗು ಅಂಗಳದಲ್ಲಿ ಎಷ್ಟು ಓಡಿದರೂ ರಸ್ತೆಗೆ ಹೋಗಲ್ಲ, ಟೀಚರ್ ಕಣ್ಣು ತಪ್ಪಲ್ಲ.

ಆದರೆ ನನಗೆ ಇಷ್ಟವಾದದ್ದು ಆ ಪಟ್ಟಿಯ ಅಗಲ. ಅದು ಕಿರಿದು, ಎರಡೂ ಬದಿಗೆ ತೆರೆಯುವ ಕಿಟಕಿಗಳಿವೆ. ಇಲ್ಲೊಂದು ಸ್ಥೂಲ ಲೆಕ್ಕ ನೆನಪಿಡಿ. ಒಂದೇ ಗೋಡೆಯಲ್ಲಿ ಕಿಟಕಿ ಇದ್ದರೆ, ಕೋಣೆಯ ಎತ್ತರದ ಎರಡು ಪಟ್ಟು ದೂರದವರೆಗೆ ಮಾತ್ರ ಗಾಳಿ ಚೆನ್ನಾಗಿ ಬರುತ್ತದೆ. ಎದುರುಬದುರು ಕಿಟಕಿ ಇದ್ದರೆ ಐದು ಪಟ್ಟು. ಎತ್ತರ 3 ಮೀಟರ್ ಅಂದುಕೊಳ್ಳಿ: ಮೊದಲನೆಯದಕ್ಕೆ 6 ಮೀಟರ್, ಎರಡನೆಯದಕ್ಕೆ 15. ಹೀಗಾಗಿಯೇ ಈ ಶಾಲೆಯ ತರಗತಿಗಳು ಏಸಿ ಇಲ್ಲದೆ ನಡೆಯುವ ಹಾಗೆ ಮಾಡಲು ಆಯಿತು. ಬಿಸಿಲು ತಡೆಯಲು ಕಾಂಕ್ರೀಟ್ ಪಟ್ಟಿಗಳ ಮರೆ ಬೇರೆ ಇದೆ. ಈ ಅಕ್ಷಾಂಶದಲ್ಲಿ ಸುಮಾರು ಏಪ್ರಿಲ್ ಮೂರನೇ ವಾರದಿಂದ ಆಗಸ್ಟ್ ಮೂರನೇ ವಾರದ ತನಕ ಮಧ್ಯಾಹ್ನದ ಸೂರ್ಯ ಉತ್ತರಕ್ಕಿರುತ್ತಾನೆ. ದಕ್ಷಿಣಕ್ಕೆ ಮಾತ್ರ ನೆರಳು ಕೊಟ್ಟು ಸುಮ್ನಿದ್ದರೆ ಸಾಲದು.

ಇನ್ನು ಮಾಡು, ಅಂದರೆ ಛಾವಣಿ. ನಮ್ಮಂಥ ಕಡೆ ಬಿಸಿಲು ಎಲ್ಲಕ್ಕಿಂತ ಜಾಸ್ತಿ ಬೀಳುವುದು ಮಾಡಿನ ಮೇಲೆ. ತಗಡಿನ ಶೀಟ್ ಹಾಕಿದ ಅಂಗನವಾಡಿಯಲ್ಲಿ ಮಧ್ಯಾಹ್ನ ಕೂತವರಿಗೆ ಗೊತ್ತು: ಫ್ಯಾನ್ ತಿರುಗುತ್ತಿದ್ದರೂ ನೆತ್ತಿಗೆ ಕಾವು ತಗುಲುತ್ತಲೇ ಇರುತ್ತದೆ. ಶೀಟ್ ಕಾದು ಆ ಕಾವನ್ನು ನೇರ ಕೆಳಗೆ ಬೀರುತ್ತದೆ. ಈ ಶಿಶುವಿಹಾರದ ಮಾಡಿಗೆ ಮಣ್ಣು, ಹುಲ್ಲು ಇವೆ. 200 ಚದರ ಮೀಟರಿನಲ್ಲಿ ಐದು ಬಗೆಯ ತರಕಾರಿ ಬೆಳೆಯುತ್ತಾರೆ. ಎಲೆ ನೆರಳು ಕೊಡುತ್ತದೆ, ತೇವ ಆರುವಾಗ ಕಾವು ಎಳೆದುಕೊಳ್ಳುತ್ತದೆ, ದಪ್ಪ ಮಣ್ಣು ಬಿಸಿಯನ್ನು ತಡಮಾಡಿ ಕೆಳಗೆ ಬಿಡುತ್ತದೆ. ಮಾಡು ಅಂಗಳದ ಹತ್ತಿರ ಇಳಿಜಾರಾಗಿ ಕೆಳಗೆ ಬರುತ್ತದೆ, ಮಕ್ಕಳು ನಡೆದೇ ಹತ್ತಿ ಹೋಗಬಹುದು. ಗದ್ದೆ ಹೋಗಿ ಕಾರ್ಖಾನೆ ಬಂದ ಊರಿನ ಮಗುವಿಗೆ ಸೊಪ್ಪು ಹೇಗೆ ಬೆಳೆಯುತ್ತದೆ ಅಂತ ಗೊತ್ತಾಗುವುದು ಅಲ್ಲೇ. ಇದನ್ನು ಬರೆಯುವಾಗಲೂ ನನಗೆ ಖುಷಿಯಾಗುತ್ತಿದೆ.

ಪರೀಕ್ಷೆಯಲ್ಲಿ ಈ ಮಣ್ಣಿನ ಮಾಡನ್ನು ಹಳೇ ಕಟ್ಟಡಕ್ಕೆ ಹಾಗೇ ಸೂಚಿಸಬೇಡಿ. ಒಂದು ಅಡಿ ದಪ್ಪದ ಹಸಿ ಮಣ್ಣು ಚದರ ಮೀಟರಿಗೆ ಸುಮಾರು ಅರ್ಧ ಟನ್ ತೂಗುತ್ತದೆ. ಮಾಮೂಲಿ ಆರ್‌ಸಿಸಿ ಮಾಡನ್ನು ಅಷ್ಟು ಭಾರ ಲೆಕ್ಕ ಹಾಕಿ ಕಟ್ಟಿರುವುದಿಲ್ಲ.

ನೀರಿನ ಭಾಗ ಚಿಕ್ಕದು: ಕಾರ್ಖಾನೆಯ ಬಳಸಿದ ನೀರನ್ನು ಶುದ್ಧಮಾಡಿ ಗಿಡಕ್ಕೂ ಶೌಚಾಲಯಕ್ಕೂ ಬಿಡುತ್ತಾರೆ. ಮಾಮೂಲಿ ಕಟ್ಟಡಕ್ಕೆ ಹೋಲಿಸಿದರೆ ವಿದ್ಯುತ್ತು ಮುಂತಾದ ಶಕ್ತಿಯಲ್ಲಿ 25%, ಒಳ್ಳೆ ನೀರಿನಲ್ಲಿ 40% ಉಳಿತಾಯ ಅನ್ನುವುದು ವಿನ್ಯಾಸಕಾರರ ಲೆಕ್ಕ.

ಕೊನೆಗೆ ನೀವೇ ಮಾಡಬಹುದಾದ ಒಂದು ಪ್ರಯೋಗ. ನಮ್ಮ ಕಿಟಕಿಗಳು ಸಾಮಾನ್ಯವಾಗಿ ನೆಲದಿಂದ 90 ಸೆಂಟಿಮೀಟರ್ ಮೇಲೆ ಶುರುವಾಗುತ್ತವೆ. ನಾಲ್ಕು ವರ್ಷದ ಮಗು ನಿಂತರೆ ಒಂದು ಮೀಟರ್ ಚಿಲ್ಲರೆ, ಚಾಪೆ ಮೇಲೆ ಕೂತರೆ ಅದರಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ, ಅಂದರೆ ಕಿಟಕಿಗಿಂತ ಕೆಳಗೇ. ಗಾಳಿ ಬೀಸುವ ಹೊತ್ತಿನಲ್ಲಿ ಎದುರುಬದುರು ಕಿಟಕಿ ತೆರೆದು, ನೆಲದ ಮೇಲೆ ಕೂತು ಊದುಬತ್ತಿ ಹಚ್ಚಿ. ಮೊದಲು ನಿಮ್ಮ ಎದೆಮಟ್ಟಕ್ಕೆ ಹಿಡಿಯಿರಿ, ಆಮೇಲೆ ಎದ್ದು ನಿಂತು ಹಿಡಿಯಿರಿ. ಹೊಗೆ ಎಲ್ಲಿ ನೆಟ್ಟಗೆ ಏರಿತು, ಎಲ್ಲಿ ಬಾಗಿತು ಅಂತ ಗುರುತು ಹಾಕಿಕೊಂಡು ಕೋಣೆಯ ಸೆಕ್ಷನ್ (ಮೇಲಿಂದ ಕೆಳಗೆ ಕತ್ತರಿಸಿದರೆ ಕಾಣುವ ಚಿತ್ರ) ಬರೆಯಿರಿ. ಅದರೊಳಗೆ ಒಂದು ಮಗುವನ್ನೂ ಕೂರಿಸಿ.