ಹಡಗಿನಲ್ಲಿ ರಾಹುಕಾಲ ಎಷ್ಟು ಗಂಟೆಗೆ?

ಫುಕೆಟ್‌ನ ಪಟಾಂಗ್ ಕಡಲತೀರದಲ್ಲಿ ನನ್ನ ಚಿಕ್ಕಮ್ಮ ಎಳನೀರು ಕುಡಿಯುತ್ತಾ ಕೂತಿದ್ದರು. ಫೋನ್ ನೋಡಿದರೆ 3.40. ದೂರದಲ್ಲಿ ಲಂಗರು ಹಾಕಿದ್ದ ಹಡಗಿಗೆ ವಾಪಸ್ ಹೋಗುವ ಕೊನೆಯ ದೋಣಿ 5ಕ್ಕೆ. ಬೇಕಾದಷ್ಟು ಹೊತ್ತಿದೆ, ಮಗಳಿಗೊಂದು ಚೀಲ ಕೊಳ್ಳೋಣ ಅಂತ ಎದ್ದರು. ಚಿಕ್ಕಪ್ಪ ಮಾತಾಡದೆ ಕೈ ಚಾಚಿ ತಮ್ಮ ಹಳೆಯ ಎಚ್‌ಎಂಟಿ ವಾಚು ತೋರಿಸಿದರು. ದಿನಾ ಕೀ ಕೊಡಬೇಕಾದ ವಾಚು ಅದು. ಅದರಲ್ಲಿ 4.40.

ಎರಡೂ ಸರಿಯಾಗೇ ಇದ್ದವು. ಫೋನು ಥಾಯ್ಲೆಂಡಿನ ಟವರ್ ಹಿಡಿದು ತಾನಾಗಿಯೇ ಅಲ್ಲಿನ ಸಮಯಕ್ಕೆ ತಿರುಗಿತ್ತು. ವಾಚಿಗೆ ಟವರ್ ಗೊತ್ತಿಲ್ಲ. ಅದು ಸಿಂಗಾಪುರದಲ್ಲಿ ಹಡಗು ಹತ್ತುವಾಗ ಇಟ್ಟ ಸಮಯದಲ್ಲೇ ಓಡುತ್ತಿತ್ತು. ಹಡಗೂ ಅದೇ ಸಮಯ ಇಟ್ಟುಕೊಂಡಿತ್ತು. ಕೊನೆಯ ದೋಣಿಯ 5 ಗಂಟೆ ಅಂದರೆ ಹಡಗಿನ 5 ಗಂಟೆ. ಚೀಲ ಅಂಗಡಿಯಲ್ಲೇ ಉಳಿಯಿತು, ಇವರು ದೋಣಿಗೆ ಓಡಿದರು.

ಇಷ್ಟೆಲ್ಲ ಆಗಿ ತೀರ್ಥಹಳ್ಳಿಗೆ ಬಂದ ಮೇಲೂ ಚಿಕ್ಕಮ್ಮ ನನ್ನನ್ನು ಕೇಳಿದ್ದು ಬೇರೆಯೇ ಪ್ರಶ್ನೆ. "ಅವತ್ತು ಬುಧವಾರ. ಹನ್ನೆರಡರಿಂದ ಒಂದೂವರೆ ರಾಹುಕಾಲ. ಯಾವ ಹನ್ನೆರಡು ಮಾರಾಯ?"

ಪ್ರಶ್ನೆ ಚೆನ್ನಾಗಿದೆ, ಅಲ್ವಾ? ನಮ್ಮ ಮನೆ ಗೋಡೆಯ ಗಡಿಯಾರ ಹನ್ನೆರಡು ಹೊಡೆದಾಗ ಫುಕೆಟ್‌ನಲ್ಲಿ ಒಂದೂವರೆ, ಹಡಗಿನಲ್ಲಿ ಎರಡೂವರೆ. ರಾಹು ಯಾವ ಗಡಿಯಾರ ನೋಡಿ ಬರುತ್ತಾನೆ? ಅದಕ್ಕೆ ಆಮೇಲೆ ಬರೋಣ. ಮೊದಲು ಹಡಗು.

ಪ್ರವಾಸಿ ಹಡಗಿನಲ್ಲಿ ಗಂಟೆ ಎಷ್ಟು ಅಂದರೆ ಕ್ಯಾಪ್ಟನ್ ಹೇಳಿದಷ್ಟು. ಟೈಮ್ ಜೋನಿನ ಗೆರೆ ದಾಟಿದ ಕೂಡಲೇ ಗಡಿಯಾರ ಟಕ್ ಅಂತ ಜಿಗಿಯುತ್ತದೆ ಅನ್ನುವುದು ಸುಳ್ಳು. ಸಮುದ್ರದಲ್ಲಿ 15 ಡಿಗ್ರಿಗೊಂದು ಪಟ್ಟಿಯಂತೆ ಭಾಗ ಮಾಡಿದ್ದಾರೆ, ನಿಜ. 1917ರಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ಕೂತು ಮಾತಾಡಿಕೊಂಡ ಏರ್ಪಾಡು ಅದು. ಆದರೆ ಪಟ್ಟಿ ದಾಟಿದ್ದಕ್ಕೆ ಯಾವಾಗ ಗಡಿಯಾರ ತಿರುಗಿಸಬೇಕು, ತಿರುಗಿಸಬೇಕೋ ಬೇಡವೋ ಅನ್ನುವುದು ಹಡಗಿನವರ ಇಷ್ಟ. ಸಾಮಾನ್ಯವಾಗಿ ರಾತ್ರಿ 2 ಗಂಟೆಗೆ, ಜನ ಮಲಗಿರುವಾಗ ಬದಲಿಸುತ್ತಾರೆ. "ಇವತ್ತು ರಾತ್ರಿ ಗಡಿಯಾರ ಒಂದು ಗಂಟೆ ಹಿಂದಕ್ಕಿಡಿ" ಅನ್ನುವ ಚೀಟಿ ಸಂಜೆಯೇ ಕೋಣೆಗೆ ಬಂದಿರುತ್ತದೆ. ಒಂದೇ ದಿನದ ಬಂದರಿಗಾಗಿ ಗಡಿಯಾರ ಆ ಕಡೆ ಈ ಕಡೆ ತಿರುಗಿಸುವುದು ಯಾಕೆ ಅಂತ ಕೆಲವು ಹಡಗುಗಳು ಹೊರಟ ಊರಿನ ಸಮಯವನ್ನೇ ಕೊನೆತನಕ ಇಟ್ಟುಕೊಳ್ಳುತ್ತವೆ. ಚಿಕ್ಕಮ್ಮ ಎಡವಿದ್ದು ಅಲ್ಲೇ.

ಹೊಳೆಬಾಗಿಲಿನ ಲಾಂಚ್ ಹತ್ತಿ ಸಿಗಂದೂರಿಗೆ ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಿಮ್ಮ ಕೈಯಲ್ಲಿ ಎಂಥ ವಾಚೇ ಇರಲಿ, ಲಾಂಚ್ ಹೊರಡುವುದು ಲಾಂಚಿನವನ ವಾಚಿಗೆ. 2025ರಲ್ಲಿ ಸೇತುವೆ ಆದಮೇಲೆ ಆ ಓಟದ ಸುಖ ಹೋಯಿತು, ಅದು ಬೇರೆ ಮಾತು.

ಗಡಿಯಾರ ತಿರುಗಿಸುವುದು ಪ್ರಯಾಣಿಕರಿಗೆ ನಿದ್ದೆಯ ವಿಷಯ. ಕೆಲಸದವರಿಗೆ ನ್ಯಾಯದ ವಿಷಯ. ಗಡಿಯಾರ ಹಿಂದಕ್ಕೆ ಹೋದ ರಾತ್ರಿ ಪಹರೆಯಲ್ಲಿದ್ದವನು ನಾಲ್ಕರ ಬದಲು ಐದು ಗಂಟೆ ನಿಲ್ಲಬೇಕು. ಅದಕ್ಕೇ ಎಷ್ಟೋ ಸರಕು ಹಡಗುಗಳಲ್ಲಿ ಆ ಒಂದು ಗಂಟೆಯನ್ನು 20 ನಿಮಿಷದ ಮೂರು ಪಾಲು ಮಾಡಿ ಮೂರು ಪಾಳಿಗೂ ಹಂಚುತ್ತಾರೆ. ಅಡಿಕೆ ಸುಲಿಯುವ ರಾಶಿಯನ್ನು ಪಾಲು ಮಾಡಿದ ಹಾಗೆ. ಸೌತಾಂಪ್ಟನ್ ಮತ್ತು ನ್ಯೂಯಾರ್ಕ್ ನಡುವೆ ಓಡುವ ಪ್ರಯಾಣಿಕರ ಹಡಗು ಕ್ವೀನ್ ಮೇರಿ 2 ಪೂರ್ವಕ್ಕೆ ಬರುವಾಗ ಮಧ್ಯಾಹ್ನ 12 ಹೊಡೆದಾಗ ಗಡಿಯಾರವನ್ನು ಒಂದು ಗಂಟೆ ಮುಂದಕ್ಕಿಡುತ್ತದೆ. ರಾತ್ರಿಯ ನಿದ್ದೆ ಕದಿಯುವುದಕ್ಕಿಂತ ಹಗಲಿನ ಹರಟೆ ಕದಿಯುವುದು ವಾಸಿ, ನನಗಂತೂ ಇದು ಬಹಳ ಹಿಡಿಸಿತು. ಈ ಗಲಾಟೆಯೆಲ್ಲ ಊಟ, ನಿದ್ದೆ, ಪಾಳಿಯ ಗಡಿಯಾರಕ್ಕೆ ಮಾತ್ರ. ಹಡಗು ನಡೆಸುವ ಕೋಣೆಯಲ್ಲಿ ಗ್ರೀನಿಚ್ ಲೆಕ್ಕದ ಇನ್ನೊಂದು ಸಮಯ ಇರುತ್ತದೆ. ಅದನ್ನು ಯಾರೂ ಮುಟ್ಟುವುದಿಲ್ಲ.

ಈಗ ನನಗೆ ಇಷ್ಟವಾದ ಭಾಗ. ಎಳ್ಳಮಾವಾಸ್ಯೆ ಜಾತ್ರೆಯ ತೇರು ನೆನಪಿಸಿಕೊಳ್ಳಿ. ಅದು ಊರು ಪೂರ್ತಿ ಸುತ್ತುತ್ತದೆ ಅಂತ ಇಟ್ಟುಕೊಳ್ಳಿ. ತೇರೇ ಸೂರ್ಯ. ತೇರು ತಮ್ಮ ಬಾಗಿಲಿಗೆ ಬಂದಾಗ ಆ ಮನೆಯವರು ಆರತಿ ಎತ್ತುತ್ತಾರೆ. ಅದು ಆ ಮನೆಯ ಮಧ್ಯಾಹ್ನ. ಪಕ್ಕದ ಮನೆಗೆ ಇನ್ನೊಂದು ಚೂರು ತಡ. ಭೂಮಿಯ ಮೇಲೆ ಈ ತಡ ಡಿಗ್ರಿಗೆ 4 ನಿಮಿಷ. ಪ್ರತಿ ಮನೆಗೂ ಒಂದೊಂದು ಹೊತ್ತು ಅಂದರೆ ಜಗಳ. ಅದಕ್ಕೆ ಊರಿನವರು, "ತೇರು ಬಸ್ ಸ್ಟ್ಯಾಂಡಿಗೆ ಬಂದಾಗ ಎಲ್ಲರೂ ಒಟ್ಟಿಗೆ ಆರತಿ ಎತ್ತಿ" ಅಂದರು. ಅದೇ ಸ್ಟ್ಯಾಂಡರ್ಡ್ ಟೈಮ್. ಹಡಗು ಅಂದರೆ ಕಾಲು ಬಂದ ಮನೆ. ತೇರು ಹೋಗುವ ದಿಕ್ಕಿಗೇ, ಅಂದರೆ ಪಶ್ಚಿಮಕ್ಕೆ ನಡೆದರೆ ತೇರು ಅದನ್ನು ಹಿಡಿಯುವುದು ತಡ, ದಿನ ಉದ್ದ. ಎದುರಿಗೆ ನಡೆದರೆ ತೇರು ಬೇಗ ಸಿಗುತ್ತದೆ, ದಿನ ಗಿಡ್ಡ. ಗಂಟೆಗೆ 20 ನಾಟಿಕಲ್ ಮೈಲಿ ಹೋಗುವ ಹಡಗು ದಿನಕ್ಕೆ 480 ಮೈಲಿ ಸಾಗುತ್ತದೆ. ಸಮಭಾಜಕದ ಮೇಲೆ ಅದು 8 ಡಿಗ್ರಿ, ಅಂದರೆ 32 ನಿಮಿಷ. ಉತ್ತರಕ್ಕೆ ಹೋದಂತೆ ಬೀದಿಯೇ ಸಣ್ಣದಾಗುತ್ತದೆ. 50ನೇ ಅಕ್ಷಾಂಶದಲ್ಲಿ ಅಷ್ಟೇ ದೂರಕ್ಕೆ ಸುಮಾರು 50 ನಿಮಿಷ. ಅಟ್ಲಾಂಟಿಕ್ ದಾಟುವವರು ಹೆಚ್ಚುಕಡಿಮೆ ದಿನಾ ಗಡಿಯಾರ ತಿರುಗಿಸುವುದು ಅದಕ್ಕೇ.

ಆ ಮನೆ ತೇರಿನ ಜೊತೆಗೇ ಊರೆಲ್ಲ ಒಂದು ಸುತ್ತು ಹಾಕಿದರೆ? ಉಳಿದವರಿಗೆ ತೇರು ನೂರು ಸಲ ಬಂದಿದ್ದರೆ ಆ ಮನೆಗೆ 99 ಸಲ. ಇದು ಸುಮ್ನೆ ಕಥೆಯಲ್ಲ. 1519ರಲ್ಲಿ ಸ್ಪೇನ್‌ನಿಂದ ಮೆಗಲನ್ ಜೊತೆ ಐದು ಹಡಗು ಪಶ್ಚಿಮಕ್ಕೆ ಹೊರಟವು. 1522ರ ಜುಲೈನಲ್ಲಿ ಉಳಿದಿದ್ದು ವಿಕ್ಟೋರಿಯಾ ಒಂದೇ. ಹಸಿದಿದ್ದ ಅದು ಕೇಪ್ ವರ್ಡೆ ದ್ವೀಪಕ್ಕೆ ಬಂತು. ಹಡಗಿನಲ್ಲಿ ಬುಧವಾರ, ದಡದಲ್ಲಿ ಗುರುವಾರ! ದಿನಚರಿ ಬರೆಯುತ್ತಿದ್ದ ಪಿಗಫೆಟ್ಟಾ ಒಂದು ದಿನವೂ ಬಿಟ್ಟಿರಲಿಲ್ಲ. ಎಲ್ಲಿ ತಪ್ಪಿದೆ ಅಂತ ಒದ್ದಾಡಿದ. ಏನೂ ತಪ್ಪಿರಲಿಲ್ಲ. ಅವರಿಗೆ ಸೂರ್ಯ ಒಂದು ಸಲ ಕಡಿಮೆ ಹುಟ್ಟಿದ್ದ, ಅಷ್ಟೇ. ಈಗ ಪೆಸಿಫಿಕ್ ದಾಟುವ ಹಡಗುಗಳು ದಿನಾಂಕ ರೇಖೆಯ ಬಳಿ ಒಂದು ದಿನ ಬಿಡುತ್ತವೆ, ಇಲ್ಲವೇ ಒಂದೇ ದಿನವನ್ನು ಎರಡು ಸಲ ಆಚರಿಸುತ್ತವೆ. ಸಮೋವಾ ಅನ್ನುವ ದೇಶವಂತೂ ನಿಂತಲ್ಲೇ ರೇಖೆ ದಾಟಿತು. 2011ರ ಡಿಸೆಂಬರ್ 30 ಅಲ್ಲಿ ಬರಲೇ ಇಲ್ಲ.

ಚಿಕ್ಕಮ್ಮನಿಗೆ ಇದು ಪೂರ್ತಿ ಒಪ್ಪಿಗೆಯಾಗಲಿಲ್ಲ. "ಹಡಗಿನದ್ದು ಬಿಡು, ನಮ್ಮ ಮನೆ ಹನ್ನೆರಡು ಮಾತ್ರ ಖಾಯಂ" ಅಂದರು. ಅದಕ್ಕೆ ಡಿಸೆಂಬರ್ 25ಕ್ಕೆ ಅವರ ಅಂಗಳದಲ್ಲೇ ಒಂದು ಅಡಿಕೆ ದಬ್ಬೆ ನೆಟ್ಟಗೆ ಹುಗಿದೆ. ಒಣಹಾಕಿದ ಅಡಿಕೆ ಬದಿಗೆ ಸರಿಸಿದ್ದಕ್ಕೆ ಬೈಸಿಕೊಂಡೆ. ಹನ್ನೊಂದೂಮುಕ್ಕಾಲರಿಂದ ಐದೈದು ನಿಮಿಷಕ್ಕೆ ನೆರಳಿನ ತುದಿಗೆ ಸೀಮೆಸುಣ್ಣದ ಗುರುತು. ಹನ್ನೆರಡಾಯಿತು, ನೆರಳು ಇನ್ನೂ ಕುಗ್ಗುತ್ತಿತ್ತು. ಅದು ಅತಿ ಗಿಡ್ಡವಾಗಿ ಮತ್ತೆ ಬೆಳೆಯತೊಡಗಿದ್ದು ಹನ್ನೆರಡೂವರೆ ಹೊತ್ತಿಗೆ. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶಕ್ಕೆ, ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರದ ಗೆರೆಗೆ. ಶಿವಮೊಗ್ಗ ಅಲ್ಲಿಂದ ಸುಮಾರು 7 ಡಿಗ್ರಿ ಪಶ್ಚಿಮ, ಅಂದರೆ 28 ನಿಮಿಷ ಹಿಂದೆ. ಈ ಏರ್ಪಾಡು ಬಂದಿದ್ದು 1906ರಲ್ಲಿ. ಬೊಂಬಾಯಿಯವರು ತಮ್ಮ ಹಳೆಯ ಸಮಯ ಬಿಡಲು 1955ರ ತನಕ ಹಠ ಹಿಡಿದಿದ್ದರು. ನಾವೂ ಒಂದು ಹಡಗಿನಲ್ಲೇ ಇದ್ದೇವೆ, ಕ್ಯಾಪ್ಟನ್ ಮಿರ್ಜಾಪುರದಲ್ಲಿ.

ಇನ್ನೊಂದು ಸೋಜಿಗ ಕೇಳಿ. ನಮ್ಮ ಹಳೆಯ ಜ್ಯೋತಿಷಿಗಳು ಉಜ್ಜಯಿನಿಯ ಗೆರೆಯಿಂದ ಲೆಕ್ಕ ಹಿಡಿದು ಪ್ರತಿ ಊರಿಗೂ ದೇಶಾಂತರ ತಿದ್ದುಪಡಿ, ಅಂದರೆ ಊರು ಆ ಗೆರೆಯಿಂದ ಎಷ್ಟು ಪೂರ್ವ ಅಥವಾ ಪಶ್ಚಿಮ ಅನ್ನುವುದರ ತಿದ್ದುಪಡಿ, ಮಾಡುತ್ತಿದ್ದರು. ಶಿವಮೊಗ್ಗ ಹೆಚ್ಚುಕಡಿಮೆ ಆ ಗೆರೆಯ ಮೇಲೇ ಇದೆ. ವ್ಯತ್ಯಾಸ ಒಂದು ನಿಮಿಷವೂ ಇಲ್ಲ! ಒಂದೇ ಹೊತ್ತು ಎಲ್ಲೂ ನಡೆಯುವುದಿಲ್ಲ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಮರೆತಿದ್ದು ಗೋಡೆ ಕ್ಯಾಲೆಂಡರಿನವರು.

ಶಾಸ್ತ್ರದ ಪ್ರಕಾರವೇ ನೋಡಿದರೂ ರಾಹುಕಾಲ ಅಂದರೆ ಸೂರ್ಯ ಹುಟ್ಟಿ ಮುಳುಗುವ ತನಕದ ಹಗಲನ್ನು ಎಂಟು ಪಾಲು ಮಾಡಿ ಒಂದು ಪಾಲು. ಅಂದರೆ ರಾಹು ನೋಡುವುದು ಯಾವ ಗಡಿಯಾರವನ್ನೂ ಅಲ್ಲ, ನೀವಿದ್ದಲ್ಲಿನ ಸೂರ್ಯನನ್ನು. ಕ್ಯಾಲೆಂಡರಿನ ಪಟ್ಟಿ ಸೂರ್ಯ ಬೆಳಿಗ್ಗೆ 6ಕ್ಕೆ ಹುಟ್ಟಿ ಸಂಜೆ 6ಕ್ಕೆ ಮುಳುಗುತ್ತಾನೆ ಅಂತ ಹಿಡಿದಿದೆ. ಸಂಕ್ರಾಂತಿ ಹೊತ್ತಿಗೆ ಶಿವಮೊಗ್ಗದಲ್ಲಿ ಸೂರ್ಯ ಹುಟ್ಟುವುದೇ ಏಳಕ್ಕೆ ಐದು ನಿಮಿಷ ಇರುವಾಗ. ಆಗಿನ ಒಂದು ಸೋಮವಾರ ಹಿಡಿಯಿರಿ, ಪಟ್ಟಿಯ ರಾಹುಕಾಲ 7.30ರಿಂದ 9. ಲೆಕ್ಕ ಹಾಕಿದರೆ ಬರುವುದು ಸುಮಾರು 8.20ರಿಂದ 9.45. ಪಟ್ಟಿ ನಂಬಿ ಒಂಬತ್ತು ಕಳೆಯಲಿ ಅಂತ ಕಾದು ಹೊರಟವರು ಸರಿಯಾಗಿ ಅದರ ನಡುವೆಯೇ ಹೊರಟಿರುತ್ತಾರೆ. ಅವರಲ್ಲಿ ಎಷ್ಟು ಜನಕ್ಕೆ ಏನಾಯಿತು? ನನಗೆ ಈ ರಾಹುವಿನಲ್ಲಿ ನಂಬಿಕೆಯಿಲ್ಲ. ಆದರೆ ಹೆದರುವವರಾದರೂ ಸರಿಯಾದ ಹೊತ್ತಿಗೆ ಹೆದರಬೇಡವೇ?

ಚಿಕ್ಕಮ್ಮ ನನ್ನ ಲೆಕ್ಕದ ಹಾಳೆಯನ್ನು ಎರಡು ಸಲ ನೋಡಿದರು. ನಕ್ಕರು. ಕ್ಯಾಲೆಂಡರನ್ನು ಮಾತ್ರ ಗೋಡೆಯಿಂದ ಇಳಿಸಿಲ್ಲ. ಹಾಲಿನ ಲೆಕ್ಕ ಅದರಲ್ಲೇ ಇದೆಯಂತೆ.